ಡೆಕ್ ಕೆಳಗೆ ರಕೂನ್ ಮರಿ ಹಾಕಿದೆ, ಲಾನ್ ಪೂರ್ತಿ ಕಿತ್ತುಹಾಕಿದೆ, ಏನ್ ಮಾಡ್ಲಿ?

ಪ್ರಶ್ನೆ: ನಾವಿರೋದು ಟೊರೊಂಟೋದ ಸ್ಕಾರ್‌ಬರೋದಲ್ಲಿ, ಸ್ವಂತ ಮನೆ, ಹಿಂದೆ ಸಣ್ಣ ಬ್ಯಾಕ್‌ಯಾರ್ಡ್ ಇದೆ. ಏಪ್ರಿಲ್‌ನಿಂದ ರಕೂನ್ ಕಾಟ ಶುರುವಾಗಿದೆ, ಈಗ ಮೇ ಕೊನೆ, ತಡಕೊಳ್ಳಕ್ಕಾಗ್ತಿಲ್ಲ. ಹೋದ ವರ್ಷ ದುಡ್ಡು ಸುರಿದು ಹಾಕಿಸಿದ ಲಾನನ್ನ ರಾತ್ರಿ ಚಾಪೆ ಸುತ್ತಿದ ಹಾಗೆ ಸುತ್ತಿಟ್ಟು ಹೋಗುತ್ತೆ. ಅಡುಗೆಮನೆ ಕಸ ಹಾಕೋ ಗ್ರೀನ್ ಬಿನ್ ಉರುಳಿಸಿ ಕಸ ಹರಡುತ್ತೆ. ಸಂಜೆ ಆದ್ರೆ ಡೆಕ್ (ಮನೆ ಹಿಂದಿನ ಮರದ ಜಗಲಿ) ಕೆಳಗಿಂದ ಹಕ್ಕಿ ಮರಿ ಕೂಗಿದ ಥರ ಶಬ್ದ ಬರುತ್ತೆ. ಡೆಕ್ ಮೂಲೆಲಿ, ಮಗಳ ಮರಳಿನ ಡಬ್ಬದ ಪಕ್ಕ, ಕಕ್ಕನೂ ಮಾಡುತ್ತೆ. ಮಗಳಿಗೆ ಎರಡು ವರ್ಷ, ಒಂದು ನಾಯಿನೂ ಇದೆ. ನ್ಯಾಫ್ತಲೀನ್ ಗುಳಿಗೆ ಹಾಕಿ, ಖಾರದ ಪುಡಿ ಎರಚಿ ಅಂತ ಸ್ನೇಹಿತರು ಹೇಳ್ತಾರೆ. ನಮ್ಮ ಯಜಮಾನ್ರು ಬೋನು ತಂದು ಹಿಡಿದು ರೂಜ್ ಪಾರ್ಕಲ್ಲಿ ಬಿಟ್ಟು ಬರೋಣ ಅಂತಾರೆ. ಊರಿಂದ ಬಂದಿರೋ ಅತ್ತೆ "ಪಾಪ ಬಾಣಂತಿ, ಓಡಿಸ್ಬೇಡಿ" ಅಂತ ಉಳಿದ ಅನ್ನನ ಮೆಟ್ಟಿಲ ಹತ್ರ ಇಡ್ತಾರೆ. ಯಾರ ಮಾತು ಕೇಳ್ಲಿ?

ಉತ್ತರ: ಅರ್ಧ ನಿಮ್ಮ ಅತ್ತೆಯವರ ಮಾತು ಕೇಳಿ. ಬಾಣಂತಿ ಅನ್ನೋದು ಹೆಚ್ಚುಕಮ್ಮಿ ಗ್ಯಾರಂಟಿ, ಹಾಗಾಗಿ ಈಗ ಓಡಿಸ್ಬೇಡಿ ಅನ್ನೋದೂ ಸರಿ, ಆದ್ರೆ ಆ ಅನ್ನ ಇಡೋದು ಮಾತ್ರ ಇವತ್ತಿಂದಲೇ ನಿಲ್ಲಬೇಕು. ಯಜಮಾನ್ರ ಬೋನಿನ ಪ್ಲಾನ್ ಪೂರ್ತಿ ಬಿಟ್ಬಿಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಅದಕ್ಕೂ ಮುಂಚೆ ಒಂದು ವಿಷಯ. ನೀವು ಲಾನ್ ಬಗ್ಗೆ ತುಂಬಾ ಬೇಜಾರಲ್ಲಿ ಬರ್ದಿದೀರ, ಕಕ್ಕದ ಬಗ್ಗೆ ಹಾಗೇ ಒಂದು ಸಾಲು ಹೇಳಿ ಮುಂದಕ್ಕೆ ಹೋಗಿದೀರ, ನನಗೆ ನಿಮ್ಮ ಇಡೀ ಪತ್ರದಲ್ಲಿ ಭಯ ಆಗಿದ್ದು ಆ ಒಂದು ಸಾಲು ಓದಿದಾಗ. ರಕೂನ್‌ಗಳು ಸಿಕ್ಕಸಿಕ್ಕಲ್ಲಿ ಮಾಡಲ್ಲ, ಒಂದು ಜಾಗ ಗೊತ್ತು ಮಾಡ್ಕೊಂಡು ಅಲ್ಲೇ ಮತ್ತೆ ಮತ್ತೆ ಬರ್ತವೆ, ಡೆಕ್ ಮೂಲೆ, ಮರದ ಬುಡ, ಸೌದೆ ರಾಶಿ, ಶೆಡ್ಡಿನ ಚಪ್ಪಟೆ ಛಾವಣಿ ಈ ಥರದ್ದು. ಅವುಗಳ ಕರುಳಲ್ಲಿ ಒಂದು ದುಂಡು ಹುಳ ಇರುತ್ತೆ, ಬೈಲಿಸ್ಯಾಸ್ಕರಿಸ್ ಅಂತ ಅದರ ಹೆಸರು, ರಕೂನ್‌ಗೆ ಅದರಿಂದ ಅಂಥಾ ತೊಂದ್ರೆ ಏನಿಲ್ಲ ಆದ್ರೆ ಅದರ ಮೊಟ್ಟೆ ಮನುಷ್ಯರ ಹೊಟ್ಟೆಗೆ ಹೋದ್ರೆ ಮರಿಹುಳ ಹೊರಗೆ ಬಂದು ಮೈಯೆಲ್ಲಾ ಅಲೆಯುತ್ತೆ, ಮೆದುಳಿಗೋ ಕಣ್ಣಿಗೋ ಹೋಗ್ಬಹುದು. ಹಾಗಾಗೋದು ತುಂಬಾ ಅಪರೂಪ, ಹೆದರಿ ಮನೆ ಮಾರೋ ಅಂಥದ್ದಲ್ಲ, ಆದ್ರೆ ಆದಾಗ ಬಹಳ ಕೆಟ್ಟದಾಗಿ ಆಗುತ್ತೆ, ಮತ್ತೆ ಅಪಾಯ ಜಾಸ್ತಿ ಇರೋದೇ ಸಿಕ್ಕಿದ್ದನ್ನೆಲ್ಲಾ ಬಾಯಿಗೆ ಹಾಕ್ಕೊಳ್ಳೋ ನಿಮ್ಮ ಮಗಳ ವಯಸ್ಸಿನ ಮಕ್ಕಳಿಗೆ.

ನಮಗೆ ಅನುಕೂಲ ಆಗಿರೋ ಒಂದು ವಿಷಯ ಏನಂದ್ರೆ, ಹೊಸ ಕಕ್ಕದಲ್ಲಿರೋ ಮೊಟ್ಟೆ ಕೂಡ್ಲೇ ಸೋಂಕು ತರಲ್ಲ, ಅದು ಬಲಿಯಕ್ಕೆ 2ರಿಂದ 4 ವಾರ ಬೇಕು. ಅಂದ್ರೆ ದಿನಾ ನೋಡಿ ಕಂಡ ತಕ್ಷಣ ತೆಗೆದ್ರೆ ಅರ್ಧ ಗೆದ್ದ ಹಾಗೆ. ಬಲಿತ ಮೇಲೆ ಮಾತ್ರ ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತೆ, ಇಲ್ಲಿನ ಚಳಿಗೂ ಸಾಯಲ್ಲ, ಬ್ಲೀಚ್ ಹಾಕಿದ್ರೂ ಸಾಯಲ್ಲ. ತುಂಬಾ ಜನ ಬ್ಲೀಚ್ ಸುರಿದು ಎಲ್ಲಾ ಕ್ಲೀನ್ ಆಯ್ತು ಅಂದ್ಕೊಂಡು ಕೂತಿರ್ತಾರೆ. ಅದು ಸಾಯೋದು ಬಿಸಿಗೆ ಮಾತ್ರ, ಕುದಿಯೋ ನೀರೇ ಬೇಕು, ಗೀಸರ್ ನೀರು ಸಾಲಲ್ಲ. ಮಗು, ನಾಯಿ ಎರಡನ್ನೂ ಒಳಗೆ ಬಿಟ್ಟು ದೊಡ್ಡವರು ಯಾರಾದ್ರೂ ಒಬ್ರು ಬಿಸಾಡೋ ಗ್ಲೌಸು, ಎನ್95 ಮಾಸ್ಕು, ತೊಳೆಯಕ್ಕಾಗೋ ರಬ್ಬರ್ ಬೂಟು ಹಾಕ್ಕೊಂಡು ಹೋಗ್ಬೇಕು. ಒಣಗಿದ್ದನ್ನ ಗುಡಿಸಬೇಡಿ, ಧೂಳೇಳುತ್ತೆ, ಸ್ವಲ್ಪ ನೀರು ಚಿಮುಕಿಸಿ ಆಮೇಲೆ ಸಲಿಕೆಲಿ ಎತ್ತಿ, ಎರಡು ಕವರಲ್ಲಿ ಗಂಟು ಕಟ್ಟಿ ಕಸಕ್ಕೆ ಹಾಕಿ, ಆ ಜಾಗಕ್ಕೂ ಸಲಿಕೆಗೂ ಕುದಿಯೋ ನೀರು ಹುಯ್ಯಿರಿ. ಹುಯ್ಯೋವಾಗ ಕಾಲು ಜೋಪಾನ. ಮಣ್ಣಿನ ಮೇಲೆ ಮಾಡಿದ್ರೆ ಮೇಲಿನ ಎರಡು ಮೂರು ಇಂಚು ಮಣ್ಣನ್ನೂ ಸೇರಿಸಿ ತೆಗೀರಿ. ಮರಳಿನ ಡಬ್ಬದ ವಿಷಯದಲ್ಲಿ ಯೋಚನೆನೇ ಮಾಡ್ಬೇಡಿ, ಮರಳು ಪೂರ್ತಿ ಬಿಸಾಕಿ, ಡಬ್ಬಕ್ಕೆ ಕುದಿನೀರು ಹಾಕಿ, ಹೊಸ ಮರಳು ತುಂಬಿದ ಮೇಲೆ ಗಟ್ಟಿಯಾಗಿ ಕೂರೋ ಮುಚ್ಚಳ ಹಾಕಿ. ಹೊರಗೆ ಆಡಿ ಬಂದ ತಕ್ಷಣ ಸೋಪಲ್ಲಿ ಕೈ ತೊಳೆಸಿ. ಮಗು ಅದನ್ನ ಬಾಯಿಗೆ ಹಾಕ್ಕೊಂಡಿರಬಹುದು ಅಂತ ಒಂಚೂರು ಅನುಮಾನ ಇದ್ರೂ ಲಕ್ಷಣ ಬರಲಿ ಆಮೇಲೆ ನೋಡೋಣ ಅಂತ ಕಾಯ್ಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ "ರಕೂನ್ ಕಕ್ಕ" ಅಂತ ಬಿಡಿಸಿ ಹೇಳಿ, ಬೇಗ ಶುರು ಮಾಡಿದ್ರೆ ಮಾತ್ರ ಔಷಧಿ ಚೆನ್ನಾಗಿ ಕೆಲಸ ಮಾಡುತ್ತೆ.

ಇನ್ನು ಡೆಕ್ ಕೆಳಗಿನ ಸಂಸಾರ. ಈ ಊರಲ್ಲಿ ರಕೂನ್‌ಗಳು ಜೋಡಿ ಆಗೋದು ಜನವರಿಯಿಂದ ಮಾರ್ಚ್ ಒಳಗೆ, ಸುಮಾರು 63 ದಿನಕ್ಕೆ ಮರಿ, ಅಂದ್ರೆ ಬಹುಪಾಲು ಏಪ್ರಿಲ್ ಮೇ ತಿಂಗಳಲ್ಲಿ ಎರಡರಿಂದ ಐದು ಮರಿ. ಕಣ್ಣು ಬಿಡಕ್ಕೇ ಮೂರು ವಾರ ಬೇಕು. ಎಂಟು ಹತ್ತು ವಾರ ಆದ್ಮೇಲೆ ಅಮ್ಮನ ಹಿಂದೆ ಸಾಲಾಗಿ ಹೊರಗೆ ಬರಕ್ಕೆ ಶುರು ಮಾಡ್ತವೆ. ನೀವು ಕೇಳಿಸ್ಕೊಂಡ ಹಕ್ಕಿ ಥರದ ಶಬ್ದ ಮರಿಗಳದ್ದೇ. ಲೆಕ್ಕ ಹಾಕಿ ನೋಡಿ, ನೀವು ಏನೂ ಮಾಡದೇ ಇದ್ರೂ ಜುಲೈ ಹೊತ್ತಿಗೆ ಅವು ತಾವಾಗೇ ಅಲ್ಲಿಂದ ಓಡಾಡಕ್ಕೆ ಶುರು ಮಾಡ್ತವೆ. ಅಟ್ಟದಲ್ಲಿ ಮರಿ ಹಾಕಿದ್ರೆ ಇನ್ಸುಲೇಷನ್ ಹಾಳಾಗುತ್ತೆ, ಗಲೀಜು ಸೀಲಿಂಗಿಗೆ ಇಳಿಯುತ್ತೆ, ಆಗ ನಾನೂ ಕಾಯಿರಿ ಅಂತ ಹೇಳ್ತಿರ್ಲಿಲ್ಲ, ಆದ್ರೆ ಡೆಕ್ ಕೆಳಗಿದ್ರೆ ಮನೆಗೆ ನಷ್ಟ ಏನೂ ಇಲ್ಲ, ಶಬ್ದ ಸಹಿಸ್ಕೊಳ್ಳೋದು ಅಷ್ಟೇ.

ಕಾಯಕ್ಕಾಗಲ್ಲ ಅನ್ಸಿದ್ರೆ ಅಮ್ಮನಿಗೇ ಜಾಗ ಬೇಜಾರಾಗೋ ಹಾಗೆ ಮಾಡಿ. ಬಾಣಂತನಕ್ಕೆ ಅದು ಒಂದೇ ಜಾಗ ಇಟ್ಕೊಂಡಿರಲ್ಲ, ಸುತ್ತಮುತ್ತ ಇನ್ನೂ ಎರಡು ಮೂರು ಗೂಡು ಗೊತ್ತಿರುತ್ತೆ. ಡೆಕ್ ಕೆಳಗೆ ಜೋರು ಬೆಳಕಿನ ಒಂದು ದೀಪ ಉರಿಯಕ್ಕೆ ಬಿಟ್ಟು, ಒಂದು ರೇಡಿಯೋಲಿ ಮಾತಾಡೋ ಚಾನಲ್ ಹಾಕಿಡಿ, ಹಾಡು ಬೇಡ, ಮನುಷ್ಯರು ಮಾತಾಡೋದು ಕೇಳ್ಬೇಕು. ಹಗಲಲ್ಲಿ ಡೆಕ್ ಮೇಲೆ ಕುರ್ಚಿ ಎಳೆದಾಡಿ, ಓಡಾಡಿ. ಎಷ್ಟೋ ಸಲ ಕೆಲವೇ ರಾತ್ರಿಗಳಲ್ಲಿ ಅಮ್ಮ ಒಂದೊಂದೇ ಮರಿನ ಕತ್ತಿನ ಚರ್ಮ ಕಚ್ಕೊಂಡು ಬೇರೆ ಕಡೆ ಸಾಗಿಸಿಬಿಡುತ್ತೆ. ಆ ರಾತ್ರಿಗಳಲ್ಲಿ ನಾಯಿನ ಹಿತ್ತಲಿಗೆ ಬಿಡ್ಬೇಡಿ, ನೀವೂ ಟಾರ್ಚ್ ಹಿಡ್ಕೊಂಡು ನೋಡಕ್ಕೆ ಹೋಗ್ಬೇಡಿ, ಅಡ್ಡ ಬಂದ್ರೆ ಅರ್ಧ ಸಾಗಿಸಿ ಅರ್ಧ ಬಿಟ್ಟು ಕೂರುತ್ತೆ. ಮರಿನ ಕೈಯಲ್ಲಿ ಎತ್ತಕ್ಕಂತೂ ಹೋಗಲೇಬೇಡಿ, ಸಾಕೋ ಆಸೆ ಇದ್ರೆ ಅದನ್ನೂ ಬಿಡಿ, ನಮ್ಮ ಪ್ರಾಂತ್ಯ ಒಂಟಾರಿಯೋದಲ್ಲಿ ರಕೂನ್ ಸಾಕೋ ಹಾಗಿಲ್ಲ.

ಈಗ ಬೋನಿನ ವಿಷಯ, ಯಜಮಾನ್ರಿಗೆ ಇದನ್ನ ಓದಿ ಹೇಳಿ. ಒಂಟಾರಿಯೋದ ಕಾಡುಪ್ರಾಣಿ ಕಾನೂನು 1997ರದ್ದು, ಅದರ ಪ್ರಕಾರ ಹಿಡಿದ ಪ್ರಾಣಿನ 24 ಗಂಟೆ ಒಳಗೆ, ಹಿಡಿದ ಜಾಗದಿಂದ 1 ಕಿಲೋಮೀಟರ್ ಒಳಗೇ ಬಿಡ್ಬೇಕು. ಪಾರ್ಕು ನಿಮ್ಮ ಮನೆಗೆ ಅಂಟ್ಕೊಂಡಿದ್ರೆ ಬೇರೆ ಮಾತು, ಇಲ್ಲಾಂದ್ರೆ ಕಾರಲ್ಲಿ ಹಾಕ್ಕೊಂಡು ರೂಜ್ ಪಾರ್ಕಿಗೆ ಹೋಗೋದು ಕಾನೂನಿಗೆ ವಿರುದ್ಧ. ಒಂದು ಕಿಲೋಮೀಟರ್ ಅದಕ್ಕೆ ಏನೂ ಅಲ್ಲ, ನಿಮಗಿಂತ ಮುಂಚೆ ಮನೆಗೆ ಬಂದಿರುತ್ತೆ. ಈ ನಿಯಮ ಸುಮ್ನೆ ಮಾಡಿದ್ದಲ್ಲ, ಪ್ರಾಣಿ ದೂರ ಹೋದ್ರೆ ಕಾಯಿಲೆನೂ ದೂರ ಹೋಗುತ್ತೆ. ರಕೂನ್ ರೇಬಿಸ್ ಒಂಟಾರಿಯೋದಿಂದ ಹೋಯ್ತು ಅಂತ ಹತ್ತು ವರ್ಷ ನೆಮ್ಮದಿಯಾಗಿದ್ರು, 2015ರ ಡಿಸೆಂಬರ್‌ನಲ್ಲಿ ಹ್ಯಾಮಿಲ್ಟನ್‌ನಲ್ಲಿ ಮತ್ತೆ ಕಾಣಿಸ್ಕೊಳ್ತು, ಆಮೇಲೆ ಅದನ್ನ ತಡೆಯಕ್ಕೆ ಲಸಿಕೆ ತುಂಬಿದ ತಿಂಡಿನ ಊರೂರಲ್ಲಿ, ಕಾಡಲ್ಲಿ ಹರಡಬೇಕಾಯ್ತು. ಇದೆಲ್ಲಾ ಬಿಟ್ಟುಬಿಡಿ, ಈ ತಿಂಗಳು ಬೋನಿಗೆ ಬೀಳೋದು ಯಾರು? ಹಸಿದು ಓಡಾಡ್ತಿರೋ ಆ ಅಮ್ಮನೇ. ಅದನ್ನ ಎಲ್ಲೋ ಬಿಟ್ಟು ಬಂದ್ರೆ ಮರಿಗಳು ಡೆಕ್ ಕೆಳಗೇ ಸತ್ತು ವಾಸನೆ ಬರುತ್ತೆ, ಆಮೇಲೆ ಡೆಕ್ ಹಲಗೆ ಕೀಳ್ಬೇಕು. ಅದೂ ಅಲ್ದೆ ಒಂದು ರಕೂನ್ ಖಾಲಿ ಮಾಡಿದ ಜಾಗಕ್ಕೆ ಇನ್ನೊಂದು ಬರಕ್ಕೆ ಹೆಚ್ಚು ದಿನ ಬೇಕಿಲ್ಲ, ಟೊರೊಂಟೋದಲ್ಲಿ ರಕೂನ್‌ಗೆ ಬರ ಇಲ್ಲ. ಹೊಡೆಯೋದು, ವಿಷ ಇಡೋದು ಅಂತ ಯಾರಾದ್ರೂ ಸಲಹೆ ಕೊಟ್ರೆ ಕಿವಿಗೇ ಹಾಕ್ಕೋಬೇಡಿ, 2011ರಲ್ಲಿ ಇದೇ ಟೊರೊಂಟೋದಲ್ಲಿ ತೋಟಕ್ಕೆ ಬಂದ ಮರಿಗಳಿಗೆ ಸಲಿಕೆಲಿ ಹೊಡೆದ ಒಬ್ರ ಮೇಲೆ ಪ್ರಾಣಿಹಿಂಸೆ ಕೇಸ್ ಆಗಿ ದೊಡ್ಡ ಸುದ್ದಿ ಆಗಿತ್ತು.

ನ್ಯಾಫ್ತಲೀನ್ ಗುಳಿಗೆ ಹೊರಗೆ ಗಾಳಿಲಿ ಏನೂ ಮಾಡಲ್ಲ, ಆದ್ರೆ ನಿಮ್ಮ ಮಗಳು ಪೆಪ್ಪರ್‌ಮಿಂಟ್ ಅಂತ ಬಾಯಿಗೆ ಹಾಕ್ಕೊಂಡ್ರೆ ಆಸ್ಪತ್ರೆ. ಕೆನಡಾದಲ್ಲಿ ಅದು ಕೀಟನಾಶಕದ ಲೆಕ್ಕದಲ್ಲಿ ಬರುತ್ತೆ, ಡಬ್ಬದ ಮೇಲೆ ಬರೆದಿರೋದು ಬಿಟ್ಟು ಬೇರೆ ಕಡೆ ಬಳಸೋ ಹಾಗೇ ಇಲ್ಲ. ಖಾರದ ಪುಡಿ ಒಂದು ಮಳೆಗೆ ಹೋಯ್ತು, ಅಷ್ಟರಲ್ಲಿ ನಾಯಿ ಮೂಗಿಗೂ ಮಗು ಕಣ್ಣಿಗೂ ಹೋಗಿರುತ್ತೆ. ಊರಿಂದ ತಂದ ಬ್ಯಾಡಗಿ ಪುಡಿನ ಹುಲ್ಲಿಗೆ ಎರಚೋದು ನನಗಂತೂ ನೋಡಕ್ಕಾಗಲ್ಲ. ಪ್ಲಗ್ಗಿಗೆ ಹಾಕಿ ಕಿವಿಗೆ ಕೇಳಿಸದ ಶಬ್ದ ಮಾಡೋ ಮೆಷಿನ್ನು ಬರುತ್ತಲ್ಲ, ಅದೂ ದಂಡ.

ಲಾನ್ ವಿಷಯಕ್ಕೆ ಬರೋಣ. ರಕೂನ್‌ಗೆ ನಿಮ್ಮ ಹುಲ್ಲಿನ ಮೇಲೆ ದ್ವೇಷ ಏನಿಲ್ಲ, ಅದಕ್ಕೆ ಬೇಕಾಗಿರೋದು ಹುಲ್ಲಿನ ಬೇರಲ್ಲಿರೋ ಗ್ರಬ್ಬು, ಅಂದ್ರೆ ದುಂಬಿ ಮರಿಹುಳ, ನಮ್ಮ ಕಡೆ ಗೊಬ್ಬರದ ಗುಂಡಿಲಿ ಸಿಗುತ್ತಲ್ಲ ಬೆಳ್ಳಗೆ, ದಪ್ಪಗೆ, ಮುದುರ್ಕೊಂಡು ಬಿದ್ದಿರೋ ಗೊಣ್ಣೆಹುಳ, ಅದೇ ಜಾತಿ. ಇಲ್ಲಿ ಹೆಚ್ಚಾಗಿ ಯುರೋಪಿಯನ್ ಚೇಫರ್ ಮತ್ತೆ ಜಪಾನೀಸ್ ಬೀಟಲ್ ಅನ್ನೋ ದುಂಬಿಗಳದ್ದು. ರಕೂನಿನ ಮುಂಗೈಲಿ ಐದು ಬೆರಳಿದೆ, ಸ್ಪರ್ಶ ಅಷ್ಟು ಸೂಕ್ಷ್ಮ ಅಂದ್ರೆ ಕಣ್ಣಲ್ಲಿ ನೋಡ್ದೇನೇ ಮಣ್ಣಲ್ಲಿ ತಡಕಿ ಹುಳ ಹುಡುಕುತ್ತೆ. ಹೋದ ವರ್ಷ ಹಾಕಿಸಿದ ಲಾನ್ ಅಂದ್ರಲ್ಲ, ಬೇರು ಇನ್ನೂ ಕೆಳಗೆ ಇಳಿದಿಲ್ಲ, ಅಂಚು ಹಿಡಿದು ಎತ್ತಿದ್ರೆ ಹಾಗೇ ಎದ್ದು ಬರುತ್ತೆ. ಇನ್ನೊಂದು ನೋಡ್ಕೊಳ್ಳಿ, ಹುಲ್ಲು ಪಟ್ಟಿಪಟ್ಟಿಯಾಗಿ ಎದ್ದಿದ್ರೆ ರಕೂನು, ಅಲ್ಲಲ್ಲಿ ಸಣ್ಣ ಸಣ್ಣ ಗುಂಡಿ ತೋಡಿದ್ರೆ ಸ್ಕಂಕು ಅನ್ನೋ ಇನ್ನೊಂದು ಪ್ರಾಣಿ, ಎಷ್ಟೋ ಮನೆಗಳಲ್ಲಿ ಎರಡೂ ಪಾಳಿ ಮೇಲೆ ಬರ್ತವೆ.

ಎದ್ದಿರೋ ಜಾಗದ ಪಕ್ಕ ಒಂದು ಅಡಿ ಉದ್ದ ಒಂದು ಅಡಿ ಅಗಲ ಹುಲ್ಲು ಕೊಯ್ದು ಎತ್ತಿ ಹುಳ ಎಣಿಸಿ. ಒಂದೆರಡು ಸಿಕ್ಕಿದ್ರೆ ಎಲ್ಲಾ ಲಾನಲ್ಲೂ ಇರೋದೇ, ಚದರ ಅಡಿಗೆ ಐದು ಹತ್ತು ದಾಟಿದ್ರೆ ಚಿಕಿತ್ಸೆ ಬೇಕು. ಚಿಕಿತ್ಸೆ ಅಂದ ತಕ್ಷಣ ಕೆಮಿಕಲ್ ಹುಡುಕ್ಬೇಡಿ, ಲಾನಿನ ಅಂದಕ್ಕೋಸ್ಕರ ಕೀಟನಾಶಕ ಹಾಕೋದು ಒಂಟಾರಿಯೋದಲ್ಲಿ 2009ರ ಏಪ್ರಿಲ್‌ನಿಂದ ನಿಷೇಧ. ಇರೋ ದಾರಿ ನೆಮಟೋಡು, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಗ್ರಬ್ ಒಳಗೆ ಹೊಕ್ಕು ಅದನ್ನ ಸಾಯಿಸ್ತವೆ, ಮಕ್ಕಳಿಗೂ ನಾಯಿಗೂ ಏನೂ ಆಗಲ್ಲ. ಗಾರ್ಡನ್ ಸೆಂಟರಲ್ಲಿ ಫ್ರಿಜ್ಜಲ್ಲಿಟ್ಟು ಮಾರ್ತಾರೆ. ಆದ್ರೆ ಈಗ ತರಬೇಡಿ, ದಂಡ. ಮೇ ತಿಂಗಳಲ್ಲಿ ಗ್ರಬ್ ಬೆಳೆದು ಗಟ್ಟಿಯಾಗಿರುತ್ತೆ, ನೆಮಟೋಡಿಗೆ ಅಷ್ಟು ಬಗ್ಗಲ್ಲ, ಇನ್ನು ಸ್ವಲ್ಪ ದಿನಕ್ಕೆ ಅದು ಹುಲ್ಲು ತಿನ್ನೋದೂ ಬಿಟ್ಟು ದುಂಬಿ ಆಗಕ್ಕೆ ಹೊರಡುತ್ತೆ. ಜೂನ್ ಕೊನೆ ಜುಲೈಲಿ ದುಂಬಿ ಮೊಟ್ಟೆ ಇಡುತ್ತೆ, ಆಗಸ್ಟ್ ಕೊನೆ ವಾರದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮರಿಹುಳ ಎಳೆಯದಾಗಿರುತ್ತೆ, ಹಾಕ್ಬೇಕಾಗಿರೋದು ಆಗ. ಸಂಜೆ ಹೊತ್ತು ಹಾಕಿ, ಬಿಸಿಲು ಬಿದ್ರೆ ನೆಮಟೋಡು ಸಾಯ್ತವೆ, ಹಾಕೋ ಮುಂಚೆ ನೆಲ ಚೆನ್ನಾಗಿ ನೆನೆಸಿ, ಹಾಕಿದ ಮೇಲೂ ಒಂದೆರಡು ವಾರ ಒಣಗಕ್ಕೆ ಬಿಡಬೇಡಿ. ದುಡ್ಡು ಕೊಟ್ಟು ತಂದು ಒಣ ನೆಲಕ್ಕೆ ಮಧ್ಯಾಹ್ನ ಹುಯ್ದು ಆಮೇಲೆ ಇದೆಲ್ಲಾ ಮೋಸ ಅನ್ನೋರು ಬಹಳ ಜನ ಇದಾರೆ. ಇನ್ನೊಂದು, ದುಂಬಿಗೆ ಮೊಟ್ಟೆ ಇಡಕ್ಕೆ ಹಸಿ ನೆಲ ಇಷ್ಟ, ಆದ್ದರಿಂದ ಜೂನ್ ಕೊನೆಯಿಂದ ಜುಲೈವರೆಗೆ ಲಾನಿಗೆ ನೀರು ಕೈ ಹಿಡಿದು ಹಾಕಿ, ಹುಲ್ಲನ್ನ ತೀರಾ ಬುಡಕ್ಕೆ ಕತ್ತರಿಸದೆ ಮೂರು ಇಂಚಾದ್ರೂ ಬಿಡಿ.

ಸದ್ಯಕ್ಕೆ ಎದ್ದಿರೋ ಹುಲ್ಲನ್ನ ಬೆಳಿಗ್ಗೆನೇ ವಾಪಸ್ ಹಾಸಿ, ಕಾಲಲ್ಲಿ ಒತ್ತಿ, ನೀರು ಬಿಡಿ, ಮೇಲೆ ಪ್ಲಾಸ್ಟಿಕ್ ಬಲೆ ಹಾಸಿ ಲ್ಯಾಂಡ್‌ಸ್ಕೇಪ್ ಪಿನ್ ಹೊಡೀರಿ. ಬೆರಳಿಗೆ ಬಲೆ ಸಿಕ್ಕಿಕೊಂಡ್ರೆ ರಕೂನ್‌ಗೆ ಆಗಿಬರಲ್ಲ. ಬೇರು ಹಿಡಿಯೋವರೆಗೂ ಇರಲಿ, ಮಗು ಕಾಲು ಸಿಕ್ಕಿಸ್ಕೊಳ್ಳದ ಹಾಗೆ ಬಿಗಿಯಾಗಿ ಎಳೆದು ಹೊಡೀರಿ.

ಊಟದ ವಿಷಯ. ಟೊರೊಂಟೋದಲ್ಲಿ 2023ರ ಏಪ್ರಿಲ್‌ನಿಂದ ಸ್ವಂತ ಹಿತ್ತಲಲ್ಲೂ ಕಾಡುಪ್ರಾಣಿಗಳಿಗೆ ಊಟ ಇಡೋದು ನಿಷೇಧ, ಅತ್ತೆಯವರಿಗೆ ನಯವಾಗಿ ಹೇಳಿ, ಪಾಪ ಅಂತ ಇಟ್ಟ ಅನ್ನಕ್ಕೆ ನಾಳೆ ಇಲಿನೂ ಬರುತ್ತೆ. ನಮ್ಮವರ ಮನೆಗಳಲ್ಲಿ ನಾನು ಯಾವಾಗ್ಲೂ ಕೇಳೋ ಪ್ರಶ್ನೆ ಪಿತೃಪಕ್ಷದ್ದು, ಕಾಗೆಗೆ ಅಂತ ಇಟ್ಟ ಎಡೆ ಕಾಗೆ ಮುಟ್ಟದೇ ಸಂಜೆವರೆಗೂ ಅಲ್ಲೇ ಇರುತ್ತೆ, ರಾತ್ರಿ ರಕೂನ್ ಬಂದು ವಡೆ ಪಾಯಸ ಸಮೇತ ಮುಗಿಸುತ್ತೆ, ಅಲ್ಲಿಂದ ಸೆಪ್ಟೆಂಬರ್ ಪೂರ್ತಿ ಅದೇ ಹೊತ್ತಿಗೆ ಬಂದು ನೋಡುತ್ತೆ. ಕಾಂಪೋಸ್ಟ್ ರಾಶಿಗೆ ಅನ್ನ, ಮೊಸರು, ಹಣ್ಣಿನ ಸಿಪ್ಪೆ ಹಾಕ್ಬೇಡಿ. ನಾಯಿ ತಟ್ಟೆ ರಾತ್ರಿ ಹೊರಗಿರಬಾರದು. ಬಾರ್ಬೆಕ್ಯೂ ಇದ್ರೆ ಜಿಡ್ಡಿನ ಟ್ರೇ ತೊಳೆದಿಡಿ. ಹಿತ್ತಲಲ್ಲಿ ಮೆಕ್ಕೆಜೋಳ ಹಾಕಿದೀರಾದ್ರೆ ಈಗಲೇ ಹೇಳ್ತೀನಿ, ತೆನೆಲಿ ಹಾಲು ತುಂಬಿ ನಾಳೆ ಕೀಳೋಣ ಅಂತ ನೀವು ಅಂದ್ಕೊಂಡ ರಾತ್ರಿನೇ ಅದು ಕಿತ್ತಿರುತ್ತೆ. ಹಾಗಲ, ಮೆಣಸಿನಕಾಯಿ ತಂಟೆಗೆ ಅಷ್ಟು ಬರಲ್ಲ.

ಗ್ರೀನ್ ಬಿನ್ ಬಗ್ಗೆ, ನಗರಸಭೆಯವರು 2016ರಿಂದ ತಿರುಗಿಸೋ ಬೀಗ ಇರೋ ಹೊಸ ಬಿನ್ ಕೊಡಕ್ಕೆ ಶುರು ಮಾಡಿದ್ದೇ ರಕೂನ್ ಕಾಟಕ್ಕೆ. ಉರುಳಿಸಿದ ಮಾತ್ರಕ್ಕೆ ಅದು ತೆರ್ಕೋಬಾರದು, ತೆರ್ಕೊಳ್ತಿದೆ ಅಂದ್ರೆ ಒಂದೋ ನೀವು ಹಿಡಿನ ಪೂರ್ತಿ ತಿರುಗಿಸ್ತಿಲ್ಲ, ಇಲ್ಲ ಬೀಗ ಸವೆದಿದೆ, ಇಲ್ಲ ಮುಚ್ಚಳ ಕೂರದಷ್ಟು ತುಂಬ್ತಿದೀರ. ಬೀಗ ಹಾಳಾಗಿದ್ರೆ ನಗರಸಭೆ ಸಹಾಯವಾಣಿ 311ಕ್ಕೆ ಫೋನ್ ಮಾಡಿ. ರಾತ್ರಿ ಶೆಡ್ಡಲ್ಲೋ ಗ್ಯಾರೇಜಲ್ಲೋ ಇಟ್ಟು, ಕಸದ ದಿನ ಬೆಳಿಗ್ಗೆ ಎದ್ದು ಹೊರಗಿಡೋದು ಎಲ್ಲಕ್ಕಿಂತ ಒಳ್ಳೇದು. ಮೀನು, ಮಾಂಸದ ಚೂರು ಇದ್ರೆ ಆ ಬೆಳಿಗ್ಗೆವರೆಗೂ ಫ್ರೀಜರಲ್ಲೇ ಇರಲಿ.

ಮರಿ ಸಮೇತ ಖಾಲಿ ಮಾಡಿದೆ ಅನ್ಸಿದ ಮೇಲೆ ಡೆಕ್ ಮುಚ್ಚೋ ಕೆಲಸ, ನಿಜವಾದ ಪರಿಹಾರ ಇದೇ. ಮುಚ್ಚೋ ಮುಂಚೆ ಒಳಗೆ ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ, ಓಡಾಡೋ ಬಾಯಿಗೆ ನ್ಯೂಸ್‌ಪೇಪರ್ ಮುದ್ದೆ ತುರುಕಿ, ಮುಂದೆ ರಂಗೋಲಿ ಪುಡಿ ತೆಳ್ಳಗೆ ಉದುರಿಸಿ, ಮೂರು ರಾತ್ರಿ ಪೇಪರ್ ಅಲ್ಲಾಡಿಲ್ಲ, ಪುಡಿ ಮೇಲೆ ಹೆಜ್ಜೆ ಬಿದ್ದಿಲ್ಲ ಅಂದ್ರೆ ಖಾಲಿ. ಒಳಗೆ ಮರಿ ಇದ್ದು ನೀವು ಮುಚ್ಚಿದ್ರೆ ಅಮ್ಮ ಹಲಗೆ ಕಿತ್ತಾದ್ರೂ ಒಳಗೆ ಹೋಗುತ್ತೆ. ಮುಚ್ಚಕ್ಕೆ ಕೋಳಿಗೂಡಿನ ತೆಳು ಜಾಲರಿ ಸಾಲಲ್ಲ, ಅರ್ಧ ಇಂಚು ಕಣ್ಣಿನ ವೆಲ್ಡ್ ಮಾಡಿದ ಗ್ಯಾಲ್ವನೈಸ್ಡ್ ಜಾಲರಿನೇ ಬೇಕು. ಡೆಕ್ ಸುತ್ತ ಒಂದು ಅಡಿ ಆಳ ಅಗೆದು, ಜಾಲರಿ ಇಳಿಸಿ, ಕೆಳಗೆ ಹೊರಮುಖವಾಗಿ ಇನ್ನೊಂದು ಅಡಿ ಮಡಿಸಿ ಮಣ್ಣು ಮುಚ್ಚಿ. ಪ್ರಾಣಿ ಗೋಡೆ ಬುಡದಲ್ಲೇ ತೋಡಕ್ಕೆ ನೋಡುತ್ತೆ, ಅಲ್ಲಿ ಕಬ್ಬಿಣ ಸಿಗುತ್ತೆ, ಒಂದಡಿ ಹಿಂದೆ ಬಂದು ತೋಡಬೇಕು ಅಂತ ಅದಕ್ಕೆ ಹೊಳೆಯಲ್ಲ. ಅಗೆಯೋ ಮುಂಚೆ ಒಂಟಾರಿಯೋ ಒನ್ ಕಾಲ್‌ಗೆ ಹೇಳಿ, ಗ್ಯಾಸ್ ಪೈಪು, ಕೇಬಲ್ ಎಲ್ಲಿದೆ ಅಂತ ಫ್ರೀಯಾಗಿ ಗುರುತು ಹಾಕಿ ಹೋಗ್ತಾರೆ, ನಮ್ಮ ಜನ ಇದನ್ನ ಬಿಟ್ಟೇಬಿಡ್ತಾರೆ.

ಡೆಕ್ ಮುಚ್ಚೋ ಮುಂಚೆ ಒಂದು ಸಲ ಛಾವಣಿ ಕಡೆನೂ ನೋಡಿ. ಕೆಳಗಿನ ಮನೆ ಹೋಯ್ತು ಅಂದ್ರೆ ಅದು ಮೇಲೆ ಹುಡುಕುತ್ತೆ, ಪ್ಲಾಸ್ಟಿಕ್ ವೆಂಟು, ಮುಚ್ಚಳ ಇಲ್ಲದ ಚಿಮಣಿ, ಕೆಳ ಛಾವಣಿ ಮೇಲಿನ ಗೋಡೆಗೆ ಸೇರೋ ಮೂಲೆ, ಇವೇ ಅದರ ಬಾಗಿಲು. ಛಾವಣಿಗೆ ತಾಗೋ ಕೊಂಬೆ ಕಡಿಸಿ, ವೆಂಟಿಗೆ ಕಬ್ಬಿಣದ ಜಾಲರಿ ಹಾಕ್ಸಿ. ಕಂಪನಿಯವರನ್ನ ಕರೆಸಿದ್ರೆ ಮರಿ ಇದ್ಯಾ ಅಂತ ಹೇಗೆ ನೋಡ್ತೀರಾ, ಹೊರಗೆ ಹೋಗಬಹುದು ಆದ್ರೆ ವಾಪಸ್ ಒಳಗೆ ಬರಕ್ಕಾಗದ ಒಮ್ಮುಖ ಬಾಗಿಲು ಹಾಕ್ತೀರಾ, ಮುಚ್ಚಿದ ಕೆಲಸಕ್ಕೆ ಎಷ್ಟು ವರ್ಷ ವಾರಂಟಿ ಅಂತ ಕೇಳಿ, "ಹಿಡ್ಕೊಂಡು ದೂರ ಬಿಟ್ಟು ಬರ್ತೀವಿ" ಅಂದ್ರೆ ಅಲ್ಲಿಂದಲೇ ಕಳಿಸಿ.

ನಾಯಿಗೆ ರೇಬಿಸ್ ಲಸಿಕೆ ಒಂಟಾರಿಯೋದಲ್ಲಿ ಕಡ್ಡಾಯ, ಅದರ ಜೊತೆ ಡಿಸ್ಟೆಂಪರ್ ಮತ್ತೆ ಲೆಪ್ಟೋ (ಇಲಿಜ್ವರ) ಲಸಿಕೆನೂ ಆಗಿದ್ಯಾ ನೋಡಿ, ಎರಡೂ ಕಾಯಿಲೆ ರಕೂನ್‌ಗಳಲ್ಲಿ ಇರ್ತವೆ. ಹಗಲಲ್ಲಿ ರಕೂನ್ ಕಂಡ್ರೆ ಹುಚ್ಚು ಹಿಡಿದಿದೆ ಅಂತ ಗಾಬರಿ ಬೇಡ, ಹಾಲೂಡಿಸೋ ಅಮ್ಮ ಹಸಿವಿಗೆ ಹಗಲಲ್ಲೂ ಬರುತ್ತೆ. ಆದ್ರೆ ಸುಮ್ಮನೆ ಸುತ್ತು ಹೊಡೀತಿದ್ರೆ, ಹಿಂಗಾಲು ಎಳೀತಿದ್ರೆ, ಕಣ್ಣಲ್ಲಿ ಕೀವು ಸೋರ್ತಿದ್ರೆ, ಮನುಷ್ಯರು ಹತ್ರ ಹೋದ್ರೂ ಕದಲದೇ ಇದ್ರೆ ಎಲ್ಲರನ್ನೂ ಒಳಗೆ ಕರ್ಕೊಂಡು 311ಕ್ಕೆ ಫೋನ್ ಮಾಡಿ. ಯಾರಿಗಾದ್ರೂ ಕಚ್ಚಿದ್ರೆ, ಪರಚಿದ್ರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಅವತ್ತೇ ಡಾಕ್ಟರ ಹತ್ರ ಹೋಗಿ, ಬೆಳಿಗ್ಗೆ ನೋಡೋಣ ಅನ್ನೋ ಹಾಗಿಲ್ಲ.

ಇಷ್ಟೆಲ್ಲಾ ಮಾಡೋವರೆಗೂ ತಾತ್ಕಾಲಿಕವಾಗಿ ಏನಾದ್ರೂ ಬೇಕು ಅಂದ್ರೆ ಯಾರಾದ್ರೂ ಹತ್ರ ಬಂದ್ರೆ ತಾನಾಗೇ ನೀರು ಹಾರಿಸೋ ಸ್ಪ್ರಿಂಕ್ಲರ್ ಸಿಗುತ್ತೆ, ಲಾನ್ ಅಂಚಲ್ಲಿ ಇಡಿ, ಎರಡು ಮೂರು ದಿನಕ್ಕೊಂದ್ಸಲ ಜಾಗ ಬದಲಾಯಿಸಿ, ಒಂದೇ ಕಡೆ ಇಟ್ರೆ ಅದರ ಸುತ್ತ ಹೋಗೋದು ಬೇಗ ಕಲಿಯುತ್ತೆ. ಬೆಳಿಗ್ಗೆ ಅತ್ತೆಯವರು ತುಳಸಿಗೆ ನೀರು ಹಾಕಕ್ಕೆ ಹೋಗೋ ಮುಂಚೆ ಮರೀದೇ ಆಫ್ ಮಾಡಿ.